ಅಮೆರಿಕದಲ್ಲಿ ಮಕ್ಕಳ ಕೇಸು, ಡ್ರಗ್ ಟೆಸ್ಟ್: ಅಪ್ಪ ಅಮ್ಮ ತಿಳಿದಿರಬೇಕಾದದ್ದು

ನಾನು ನ್ಯೂಜೆರ್ಸಿಯ ಒಂದು ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಮೂತ್ರದ ಸ್ಯಾಂಪಲ್‌ಗಳಲ್ಲಿ ಡ್ರಗ್ಸ್ ಹುಡುಕುವ ಕೆಲಸ ಮಾಡಿದವಳು. ಈಗ ಮಕ್ಕಳ ಕೇಸುಗಳಲ್ಲಿ, ಅಂದರೆ ಮಗು ಮನೆಯಲ್ಲಿ ಸುರಕ್ಷಿತವಾಗಿದೆಯಾ ಎಂದು ಸರ್ಕಾರ ತನಿಖೆ ಮಾಡುವ ಕೇಸುಗಳಲ್ಲಿ, ಅಪ್ಪ ಅಮ್ಮಂದಿರ ಪರ ನಿಲ್ಲುವ ಲಾಯರ್‌ಗಳಿಗೆ ಲ್ಯಾಬ್ ರಿಪೋರ್ಟ್ ಓದಿ ಅರ್ಥ ಹೇಳುತ್ತೇನೆ. ಕನ್ನಡದ ಮನೆಗಳಿಂದಲೂ ಫೋನ್ ಬರುತ್ತದೆ, ಜಾಸ್ತಿ ರಾತ್ರಿ ಹೊತ್ತು. "ಅಕ್ಕಾ, ಟೆಸ್ಟ್‌ಗೆ ಬನ್ನಿ ಅಂದಿದ್ದಾರೆ. ಹೋಗದಿದ್ದರೆ ಮಗುವನ್ನ ಕರ್ಕೊಂಡು ಹೋಗ್ತಾರಾ?" ಅಂತ ಕೇಳುತ್ತಾರೆ. ನಾನು ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾಗಾಗಿ ಕೊನೆಯ ಮಾತು ನಿಮ್ಮ ಲಾಯರ್‌ದೇ.

ಕೇಳುತ್ತಿರುವುದು ಯಾರು?

ಮೊದಲು ಇದನ್ನು ತಿಳಿದುಕೊಳ್ಳಿ. ಜಡ್ಜ್ ಆದೇಶ ಮಾಡಿದ್ದರೆ ಹೋಗಲೇಬೇಕು. ಕೇಸು ಇನ್ನೂ ತನಿಖೆಯ ಹಂತದಲ್ಲಿದ್ದು, ಕೇಸ್‌ವರ್ಕರ್ (ಮಕ್ಕಳ ರಕ್ಷಣೆಯ ಇಲಾಖೆಯ ನೌಕರ) ಮನೆಗೆ ಬಂದು ಕೇಳುತ್ತಿದ್ದರೆ, ಹಲವು ರಾಜ್ಯಗಳಲ್ಲಿ ಅದು ಬರೀ ಕೋರಿಕೆ. ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ, ಡ್ರಗ್ ಟೆಸ್ಟ್ ಬೇಡ ಅನ್ನುವ ಹಕ್ಕು ನಿಮಗಿದೆ ಎಂದು ಕೇಸ್‌ವರ್ಕರೇ ತಿಳಿಸಬೇಕು. ಎಲ್ಲ ಕಡೆ ಹೀಗೆ ಹೇಳುವುದಿಲ್ಲ. ಬೇಡ ಅಂದರೂ ಅದಕ್ಕೆ ಬೆಲೆ ತೆರಬೇಕಾಗಬಹುದು. ಅವರು ಕೋರ್ಟಿಗೆ ಹೋಗಿ ಆದೇಶ ಕೇಳಬಹುದು. ಅದಕ್ಕೇ ಬಾಗಿಲಲ್ಲಿ ನಿಂತುಕೊಂಡು ಹೂಂ ಅನ್ನಬೇಡಿ, ಊಹೂಂ ಅನ್ನಲೂಬೇಡಿ. "ಲಾಯರ್ ಹತ್ತಿರ ಮಾತಾಡಿ ಹೇಳುತ್ತೇನೆ" ಎಂದು ಶಾಂತವಾಗಿ ಹೇಳಿ. ದುಡ್ಡಿಲ್ಲದವರಿಗೆ ಕೋರ್ಟಿನಲ್ಲಿ ಕೇಸು ಶುರುವಾದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರದ ಖರ್ಚಿನಲ್ಲೇ ಲಾಯರ್ ಸಿಗುತ್ತಾರೆ. ಮೊದಲ ದಿನವೇ ಕೇಳಿ.

ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ ಕನ್ನಡ ದುಭಾಷಿ ಬೇಕು ಎಂದು ಹೇಳಿ. ಆ ಖರ್ಚು ನಿಮ್ಮದಲ್ಲ. ನಿಮ್ಮ ದೊಡ್ಡ ಮಗಳನ್ನು ಮಧ್ಯ ಕೂರಿಸಿ ಅನುವಾದ ಮಾಡಿಸಬೇಡಿ. ಅಷ್ಟು ಭಾರ ಆ ಮಗುವಿನ ಮೇಲೆ ಹಾಕಬಾರದು. ಅರ್ಥವಾಗದ ಕಾಗದಕ್ಕೆ ಸೈನ್ ಮಾಡಬೇಡಿ.

ಮೈಗೆ ಹೋದದ್ದೆಲ್ಲ ಬರೆದಿಡಿ

ನಮ್ಮವರು ಎಡವುವುದು ಇಲ್ಲೇ. "ಔಷಧ ಏನಾದರೂ ತಗೊಳ್ತೀರಾ?" ಅಂತ ಕೇಳಿದರೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಮಾತ್ರ ಹೇಳುತ್ತಾರೆ. ಅಡುಗೆಮನೆಯದ್ದು, ಊರಿಂದ ತಂದದ್ದು ಲೆಕ್ಕಕ್ಕೇ ಬರುವುದಿಲ್ಲ.

ಗಸಗಸೆಯನ್ನೇ ನೋಡಿ. ಅದು ಅಫೀಮು ಗಿಡದ ಬೀಜ. ಅಫೀಮಿನಲ್ಲಿರುವ ಮಾರ್ಫಿನ್, ಕೋಡೀನ್ ಅದರ ಮೇಲೂ ಅಂಟಿರಬಹುದು. ಒಂದು ಲೋಟ ಗಸಗಸೆ ಪಾಯಸ ಕುಡಿದವರ ಮೂತ್ರದಲ್ಲಿ ಮಾರ್ಫಿನ್ ಕಂಡರೆ ಲ್ಯಾಬ್‌ನವರಿಗೆ ಆಶ್ಚರ್ಯವೇನಿಲ್ಲ. ಇದೇ ಕಾರಣಕ್ಕೆ ಅಮೆರಿಕದ ರಕ್ಷಣಾ ಇಲಾಖೆ 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಎಚ್ಚರಿಕೆ ಕೊಟ್ಟಿತು. ಸರ್ಕಾರಿ ನೌಕರರ ಟೆಸ್ಟ್‌ನಲ್ಲಿ ಅಫೀಮಿನ ಕಟ್‌ಆಫ್ (ಅಷ್ಟು ಇದ್ದರೆ ಪಾಸಿಟಿವ್ ಅನ್ನುವ ಮಿತಿ) ಮೊದಲು ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಇತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಾರೆ ಎಂದು 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಆದರೆ ಆಸ್ಪತ್ರೆಗಳಾಗಲಿ, ಮಕ್ಕಳ ಕೇಸುಗಳ ಟೆಸ್ಟ್ ಆಗಲಿ ಈ ಸಂಖ್ಯೆ ಪಾಲಿಸಬೇಕೆಂದೇನಿಲ್ಲ. ಪೆನ್ಸಿಲ್ವೇನಿಯಾದಲ್ಲಿ 2010ರಲ್ಲಿ ಗಸಗಸೆ ಹಾಕಿದ ಬೇಗಲ್ (ಬಳೆಯಂಥ ಬ್ರೆಡ್) ತಿಂದು ಹೆರಿಗೆಗೆ ಹೋದ ಒಬ್ಬ ತಾಯಿಯ ಟೆಸ್ಟ್ ಪಾಸಿಟಿವ್ ಬಂತು. ಮಕ್ಕಳ ಇಲಾಖೆಯವರು ಮೂರು ದಿನದ ಕೂಸನ್ನು ಎತ್ತಿಕೊಂಡು ಹೋದರು. ಐದು ದಿನ ಆದಮೇಲೆ ವಾಪಸ್ ಕೊಟ್ಟರು. 2013ರಲ್ಲಿ ಅವಳಿಗೆ 1,43,500 ಡಾಲರ್ ಪರಿಹಾರ ಸಿಕ್ಕಿತು. ಆದರೆ ಆ ಐದು ದಿನಗಳನ್ನು ಯಾವ ದುಡ್ಡು ವಾಪಸ್ ತರುತ್ತದೆ? ಕೇಸು ನಡೆಯುವಷ್ಟು ದಿನ, ಹೆರಿಗೆ ಹತ್ತಿರವಿದ್ದರೆ ಆಗಲೂ, ಗಸಗಸೆ ಬಿಟ್ಟುಬಿಡಿ. ಮಸಾಲೆ ಅರೆಯುವಾಗ ಹಾಕುವ ಒಂದು ಚಮಚವೂ ಬೇಡ.

ಎರಡನೆಯದು ಅರಿಷ್ಟ. ಬಾಣಂತಿಗೆ ದಶಮೂಲಾರಿಷ್ಟ ಕೊಡುವುದು ನಮ್ಮಲ್ಲಿ ಮಾಮೂಲು. ಅರಿಷ್ಟ, ಆಸವ ಎಲ್ಲ ಹುದುಗಿಸಿ ಮಾಡುವಂಥವು, ಅವುಗಳಲ್ಲಿ ಆಲ್ಕೋಹಾಲ್ ಇದ್ದೇ ಇರುತ್ತದೆ. ಇಟಿಜಿ ಅನ್ನುವ ಮೂತ್ರದ ಟೆಸ್ಟ್ ಎರಡು ಮೂರು ದಿನದ ಹಿಂದೆ ಕುಡಿದದ್ದನ್ನೂ ತೋರಿಸಬಲ್ಲದು. ಕಟ್‌ಆಫ್ 100 ನ್ಯಾನೋಗ್ರಾಂ ಇಟ್ಟರೆ ಮೌತ್‌ವಾಶ್, ಹ್ಯಾಂಡ್ ಸ್ಯಾನಿಟೈಸರ್ ಜಾಸ್ತಿ ಬಳಸಿದವರಲ್ಲೂ ಸುಳಿವು ಕಾಣಬಹುದು.

ಮೂರನೆಯದು ಊರಿಂದ ತಂದ ಔಷಧ. ಕೋಡೀನ್ ಇರುವ ಕೆಮ್ಮಿನ ಸಿರಪ್ ಕುಡಿದಿದ್ದರೆ ಪಾಸಿಟಿವ್ ಬರುವುದು ಸಹಜ. ಅದು ತಪ್ಪು ರಿಸಲ್ಟ್ ಅಲ್ಲ, ಹಾಗಾಗಿ ಆ ಡಾಕ್ಟರ್ ಚೀಟಿ ನಿಮ್ಮ ಕೈಯಲ್ಲಿರಬೇಕು. ಗ್ಯಾಸ್ಟ್ರಿಕ್‌ಗೆ ತೆಗೆದುಕೊಳ್ಳುವ ರಾನಿಟಿಡಿನ್, ಗರ್ಭಿಣಿಯರ ಬಿಪಿಗೆ ಕೊಡುವ ಲಬೆಟಲಾಲ್, ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ಮೊದಲ ಟೆಸ್ಟ್‌ನಲ್ಲಿ ಆಂಫೆಟಮೀನ್ ಎಂಬ ಡ್ರಗ್‌ನಂತೆ ಕಾಣಬಹುದು. ಲೆವೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಅಫೀಮಿನಂತೆ ಕಾಣಬಹುದು. ಅಮೆರಿಕದ ಅಂಗಡಿಯಲ್ಲಿ ಸಿಗುವ ಕೆಲವು ಮೂಗಿನ ಇನ್‌ಹೇಲರ್‌ಗಳಲ್ಲಿ ಲೆವ್‌ಮೆಟಾಂಫೆಟಮೀನ್ ಇದೆ. ಅದು ಬೀದಿಯಲ್ಲಿ ಮಾರುವ ಮೆತ್ ಎಂಬ ಡ್ರಗ್‌ನ ಕನ್ನಡಿ ರೂಪ. ಎರಡನ್ನೂ ಬೇರೆ ಮಾಡಲು ಐಸೋಮರ್ ಟೆಸ್ಟ್ ಅಂತ ಇನ್ನೊಂದನ್ನೇ ಕೇಳಬೇಕು.

ಟೆಸ್ಟ್‌ಗೆ ಮೊದಲೇ ಇದೆಲ್ಲ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಬಾಟಲಿಗಳ ಫೋಟೊ ಸೇರಿಸಿ ಲಾಯರ್‌ಗೆ ಕಳಿಸಿ. ರಿಸಲ್ಟ್ ಬಂದಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಟೆಸ್ಟ್ ದಿನ

ಗಾಬರಿಯಲ್ಲಿ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಕ್ರಿಯಾಟಿನಿನ್ ಅಂದರೆ ಮೈಯಿಂದ ಸದಾ ಮೂತ್ರಕ್ಕೆ ಬರುವ ಕಸ, ಮೂತ್ರ ಎಷ್ಟು ತೆಳುವಾಗಿದೆ ಎಂದು ಅದರಿಂದ ತಿಳಿಯುತ್ತದೆ. ಅದು ಒಂದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿಳಿದು, ಸಾಂದ್ರತೆಯೂ ಕಡಿಮೆ ಇದ್ದರೆ "ಡೈಲ್ಯೂಟ್" (ನೀರಾದ ಸ್ಯಾಂಪಲ್) ಎಂದು ಬರೆಯುತ್ತಾರೆ. ಅದನ್ನು ಓದಿದವರು ಮುಚ್ಚಿಡಲು ನೋಡಿದ್ದೀರಿ ಅಂದುಕೊಳ್ಳುತ್ತಾರೆ. ಬೆಳಗಿನ ಹೊತ್ತಿನ ಮೂತ್ರ ಒಳ್ಳೆಯದು. ಬೇರೆಯವರ ಸ್ಯಾಂಪಲ್, ಅಂತರ್ಜಾಲದಲ್ಲಿ ಮಾರುವ ಪುಡಿ, ಇದ್ಯಾವುದೂ ಬೇಡ. ಬಿಸಿ, ಸಾಂದ್ರತೆ, ರಾಸಾಯನಿಕ ಎಲ್ಲ ಪರೀಕ್ಷೆ ಮಾಡುತ್ತಾರೆ. ಸಿಕ್ಕಿಬಿದ್ದರೆ ಪಾಸಿಟಿವ್ ಬಂದದ್ದಕ್ಕಿಂತ ಕೆಟ್ಟದಾಗುತ್ತದೆ.

ಬಾಟಲಿಗೆ ಸೀಲ್ ಹಾಕುವುದನ್ನು ಕಣ್ಣಾರೆ ನೋಡಿ. ಸೀಲ್ ಮೇಲಿನ ನಂಬರ್, ಫಾರಂ ಮೇಲಿನ ನಂಬರ್ ಒಂದೇ ಇದೆಯಾ ನೋಡಿ, ಆಮೇಲೆ ಸಹಿ ಹಾಕಿ. ನಿಮ್ಮ ಪ್ರತಿ ಕೇಳಿ ತೆಗೆದುಕೊಳ್ಳಿ. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದಕ್ಕೆ ಆ ಫಾರಂ ಒಂದೇ ಸಾಕ್ಷಿ.

ಕೆಲವು ಕಡೆ ದಿನಾ ಬೆಳಿಗ್ಗೆ ಫೋನ್ ಮಾಡಿ, ಇವತ್ತು ನಿಮ್ಮ ಸರದಿ ಇದೆಯಾ ಎಂದು ತಿಳಿದುಕೊಳ್ಳಬೇಕು. ಆ ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಪ್ಪಿಸಿಕೊಂಡ ಟೆಸ್ಟನ್ನು ತುಂಬ ಕಡೆ ಪಾಸಿಟಿವ್ ಅಂತಲೇ ಲೆಕ್ಕ ಹಾಕುತ್ತಾರೆ. ಬಸ್ ತಪ್ಪಿತು, ಶಿಫ್ಟ್ ಬಿಡಲಿಲ್ಲ ಅಂದರೆ ಅದೇ ದಿನ ಬರಹದಲ್ಲಿ ತಿಳಿಸಿ. ಬಾಯಿಮಾತು ಫೈಲಿಗೆ ಹೋಗುವುದಿಲ್ಲ.

ರಿಸಲ್ಟ್ ಬಂದಮೇಲೆ

ಮೊದಲು ಮಾಡುವುದು ಸ್ಕ್ರೀನಿಂಗ್. ಅದು ಅಗ್ಗ, ಬೇಗ ಆಗುತ್ತದೆ. ಆದರೆ ಒಂದೇ ಥರ ಕಾಣುವ ಅಣುಗಳ ನಡುವೆ ಗೊಂದಲ ಮಾಡಿಕೊಳ್ಳುತ್ತದೆ. ನಿಜವಾಗಿ ಏನಿದೆ, ಎಷ್ಟಿದೆ ಎಂದು ಹೇಳುವುದು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯ ಕನ್ಫರ್ಮೇಶನ್ (ಖಚಿತಪಡಿಸುವ) ಟೆಸ್ಟ್. ಸ್ಕ್ರೀನಿಂಗ್ ರಿಪೋರ್ಟ್ ಹಿಡಿದುಕೊಂಡು ಮಗುವಿನ ಬಗ್ಗೆ ತೀರ್ಮಾನ ಮಾಡುವುದನ್ನು ನಾನು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ. ಕನ್ಫರ್ಮೇಶನ್ ಆಗಿದೆಯಾ, ಕಟ್‌ಆಫ್ ಎಷ್ಟು, ನನ್ನ ಸಂಖ್ಯೆ ಎಷ್ಟು, ಉಳಿದ ಸ್ಯಾಂಪಲ್ ಫ್ರೀಜರ್‌ನಲ್ಲಿದೆಯಾ, ಈ ನಾಲ್ಕನ್ನೂ ಲಾಯರ್ ಮೂಲಕ ಬರಹದಲ್ಲಿ ಕೇಳಿ. ಬೇಗ ಕೇಳಿ. ಲ್ಯಾಬ್‌ಗಳು ಸ್ಯಾಂಪಲ್ ಎಸೆದುಬಿಡುತ್ತವೆ.

ಗಾಂಜಾ ವಿಷಯಕ್ಕೆ ಒಂದು ಮಾತು. ದಿನಾ ಸೇದುತ್ತಿದ್ದವರು ಬಿಟ್ಟ ಮೇಲೂ ವಾರಗಟ್ಟಲೆ ಪಾಸಿಟಿವ್ ಬರಬಹುದು. ಹೊಸದಾಗಿ ಸೇದಿದರೋ, ಹಳೆಯದು ಇಳಿಯುತ್ತಿದೆಯೋ ಎಂದು ತಿಳಿಯಲು ಸಂಖ್ಯೆಯನ್ನು ಕ್ರಿಯಾಟಿನಿನ್‌ಗೆ ಹೋಲಿಸಿ, ಟೆಸ್ಟ್‌ನಿಂದ ಟೆಸ್ಟ್‌ಗೆ ನೋಡಬೇಕು. ಬರೀ "ಪಾಸಿಟಿವ್" ಅನ್ನುವ ಪದ ಏನನ್ನೂ ಹೇಳುವುದಿಲ್ಲ.

ಕೂದಲಿನ ಟೆಸ್ಟ್ ಇನ್ನೂ ಎಚ್ಚರದ ವಿಷಯ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ಹಾಗಾಗಿ ಒಂದೂವರೆ ಇಂಚು ಅಂದರೆ ಮೂರು ತಿಂಗಳ ಕಥೆ. ಕೊಕೇನ್‌ನಂಥವು ಕಪ್ಪು ಕೂದಲಿಗೆ ಜಾಸ್ತಿ ಅಂಟುತ್ತವೆ. ನಮ್ಮ ಕೂದಲೆಲ್ಲ ಕಪ್ಪೇ ಅಲ್ವಾ? ಗಡಿಯಾಚೆ ಕೆನಡಾದ ಟೊರೊಂಟೊದಲ್ಲಿ ಮದರಿಸ್ಕ್ ಎಂಬ ಲ್ಯಾಬ್ ಸರಿಯಾದ ಕನ್ಫರ್ಮೇಶನ್ ಇಲ್ಲದೆ ವರ್ಷಗಟ್ಟಲೆ ಕೂದಲಿನ ರಿಪೋರ್ಟ್ ಕೊಟ್ಟಿತ್ತು. ಅದನ್ನು ನಂಬಲಾಗದು ಎಂದು 2015ರಲ್ಲಿ ತನಿಖೆ ಹೇಳಿತು. 2018ರಲ್ಲಿ ಇನ್ನೊಂದು ಆಯೋಗ 1,271 ಕೇಸುಗಳನ್ನು ನೋಡಿ, 56ರಲ್ಲಿ ಆ ರಿಪೋರ್ಟೇ ದೊಡ್ಡ ಪರಿಣಾಮ ಬೀರಿತ್ತು ಎಂದಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ದತ್ತು ಹೋಗಿಬಿಟ್ಟಿದ್ದರು. ಈ ಸುದ್ದಿ ಓದಿದ ಮೇಲೆ ಕೂದಲಿನ ಒಂದು ರಿಪೋರ್ಟನ್ನೂ ನಾನು ಪ್ರಶ್ನೆ ಕೇಳದೆ ಒಪ್ಪಿಲ್ಲ.

ನಿಜವಾಗಿಯೂ ಚಟ ಇದ್ದರೆ

ಇದಕ್ಕೂ ನಾಚಿಕೆ ಬೇಡ. ಲಾಯರ್‌ಗೆ ನಿಜ ಹೇಳಿ. ಅವರು ಅದನ್ನು ಹೊರಗೆ ಹೇಳುವಂತಿಲ್ಲ. ಕೋರ್ಟ್ ಹೇಳುವ ಮೊದಲೇ ಚಿಕಿತ್ಸೆಗೆ ಸೇರಿ. 1997ರ ಕೇಂದ್ರ ಕಾನೂನಿನ ಪ್ರಕಾರ ಮಗು ಕಳೆದ 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿ (ಸರ್ಕಾರ ಇರಿಸಿದ ಬೇರೆ ಮನೆಯಲ್ಲಿ) ಇದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದುಮಾಡಲು ರಾಜ್ಯ ಅರ್ಜಿ ಹಾಕಬೇಕು. ಚಿಕಿತ್ಸೆಗೆ ಕಾಯುವ ಪಟ್ಟಿ ಉದ್ದವಿರುತ್ತದೆ, ಆದ್ದರಿಂದ ಇವತ್ತೇ ಹೆಸರು ಬರೆಸಿ. ಅಫೀಮಿನಂಥ ಡ್ರಗ್ಸ್ ಚಟ ಬಿಡಿಸಲು ಡಾಕ್ಟರ್ ಮೆಥಡೋನ್, ಬ್ಯುಪ್ರೆನಾರ್ಫಿನ್ ಕೊಟ್ಟಿದ್ದರೆ ಯಾರೋ ಹೇಳಿದರೆಂದು ನಿಲ್ಲಿಸಬೇಡಿ. ಅದು ಚಿಕಿತ್ಸೆ. ಅದನ್ನೇ ನೆಪ ಮಾಡಿ ಭೇದ ಮಾಡುವುದು ಅಂಗವಿಕಲರ ಕಾನೂನಿಗೆ ವಿರುದ್ಧ ಎಂದು ಕೇಂದ್ರ ನ್ಯಾಯ ಇಲಾಖೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೂತ್ರದ ಬಾಟಲಿಗೆ ನೀವು ಎಂಥ ಅಮ್ಮ, ಎಂಥ ಅಪ್ಪ ಎಂದು ಗೊತ್ತಿಲ್ಲ. ಅದನ್ನು ನೀವೇ ತೋರಿಸಬೇಕು. ಮಕ್ಕಳ ಡಾಕ್ಟರ್ ಭೇಟಿಯ ಕಾಗದ, ಲಸಿಕೆ ಕಾರ್ಡ್, ಶಾಲೆಯ ಹಾಜರಿ, ಟೀಚರ್ ಬರೆದ ಒಂದು ಪತ್ರ, ಎಲ್ಲ ಒಂದು ಫೈಲಿನಲ್ಲಿ ಹಾಕಿ. ಮಗು ಬೇರೆ ಮನೆಯಲ್ಲಿದ್ದರೆ ಒಂದು ಭೇಟಿಯನ್ನೂ ತಪ್ಪಿಸಬೇಡಿ. ಹಿಂದಿನ ದಿನ ರಿಸಲ್ಟ್ ಕೆಟ್ಟದಾಗಿ ಬಂದಿದ್ದರೂ ಹೋಗಿ. ಹೋದ ತಾರೀಖು, ಅಲ್ಲಿದ್ದವರ ಹೆಸರು ಅವತ್ತೇ ಬರೆದಿಡಿ.