ಉಬ್ಬಿದ ಬ್ಯಾಟರಿ ಕಸದ ಬುಟ್ಟಿಗೆ ಬೇಡ

ತುಮಕೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಹಿಂದಿನ ಮುಚ್ಚಳ ಬಾಯಿ ಬಿಟ್ಟುಕೊಂಡ ಫೋನುಗಳು ಆಗಾಗ ಬರುತ್ತವೆ. ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿರುತ್ತದೆ. ಹೊಸದು ಹಾಕಿಸಿಕೊಂಡವರು, "ಹಳೇದು ಕಸಕ್ಕೆ ಹಾಕಿಬಿಡಿ ಅಣ್ಣ" ಎನ್ನುತ್ತಾರೆ. ಹಾಗೆ ಹಾಕುವ ವಸ್ತುವಲ್ಲ ಅದು.

ಕೆಲಸ ಕಲಿಯಲು ಬಂದಿದ್ದ ಹುಡುಗ ಒಮ್ಮೆ ಅಂಟಿಕೊಂಡಿದ್ದ ಬ್ಯಾಟರಿಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಲು ಹೋದ. ತುದಿ ಚುಚ್ಚಿತು. ಮೊದಲು ನೇಲ್ ಪಾಲಿಶ್ ಬಾಟಲಿ ತೆರೆದಂಥ ಸಿಹಿ ವಾಸನೆ. ಹಿಂದೆಯೇ ಸುಯ್ ಎಂದು ಹೊಗೆ. ಮೇಜಿನ ಕೆಳಗಿದ್ದ ಮರಳಿನ ಬಕೆಟ್‌ಗೆ ಫೋನ್ ಸಮೇತ ನೂಕಿದೆ. ಅಲ್ಲೇ ಧಗ್ಗನೆ ಹೊತ್ತಿಕೊಂಡಿತು. ಇದೇ ಕಸದ ಆಟೋದಲ್ಲಿ, ಪ್ಲಾಸ್ಟಿಕ್ಕು ಕಾಗದದ ನಡುವೆ ಆಗಿದ್ದರೆ? ಆ ಕಸವನ್ನು ಪೌರಕಾರ್ಮಿಕರು ಕೈಯಲ್ಲೇ ಬೇರೆ ಮಾಡುತ್ತಾರಲ್ವಾ?

ಅದಕ್ಕೇ ಹೇಳುವುದು. ಬ್ಯಾಟರಿ ಉಬ್ಬಿದ್ದು ಕಂಡರೆ ಚಾರ್ಜ್‌ಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಫೋನ್ ಆಫ್ ಮಾಡಿ. ಒತ್ತಬೇಡಿ, ಚುಚ್ಚಬೇಡಿ, ನೀವೇ ಬಿಚ್ಚಲೂ ಹೋಗಬೇಡಿ. ಹಳೇ ಸ್ಟೀಲ್ ಡಬ್ಬಿಯಲ್ಲಿ ಒಣ ಮರಳು ತುಂಬಿ, ಫೋನನ್ನು ಹಾಗೇ ಅದರ ನಡುವೆ ಇಡಿ. ಮುಚ್ಚಳ ಬಿಗಿಯಬೇಡಿ, ಗಾಳಿ ಹೊರಹೋಗಲು ದಾರಿ ಇರಲಿ. ಬಿಸಿಲು ಬೀಳದ ಕಡೆ, ಮನೆಯ ಹೊರಗಿಟ್ಟು ಆದಷ್ಟು ಬೇಗ ಸಾಗಿಸಿ.

ಉಬ್ಬದ ಹಳೇ ಬ್ಯಾಟರಿಗಳಿಗೆ ಇಷ್ಟು ಬೇಕಿಲ್ಲ. ಪ್ಲಸ್ಸು ಮೈನಸ್ಸು ಎರಡೂ ಕಡೆ ಸೆಲ್ಲೋಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಕವರ್‌ಗೆ ಹಾಕಿ. ಕೀಲಿ, ಚಿಲ್ಲರೆ ಜೊತೆ ಸುಮ್ನೆ ಡ್ರಾಯರ್‌ಗೆ ಎಸೆದರೆ ಶಾರ್ಟ್ ಆಗುತ್ತದೆ. ವಾಚಿನ ಗುಂಡಿ ಸೆಲ್‌ಗೂ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಗು ನುಂಗಿದರೆ ಅನ್ನನಾಳ ಸುಡುತ್ತದೆ. ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಫೋಟೋ ಯಾರಾದರೂ ನೋಡಿಯಾರು ಎಂಬ ಹೆದರಿಕೆಗೇ ಎಷ್ಟೋ ಜನ ಹಳೇ ಫೋನ್ ಬೀರುವಿನಲ್ಲಿ ಇಟ್ಟುಕೊಂಡಿರುತ್ತಾರೆ. ಬೇಕಾದ್ದನ್ನು ಕಾಪಿ ಮಾಡಿಕೊಳ್ಳಿ. ಗೂಗಲ್ ಅಕೌಂಟ್ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಸಿಮ್ಮು, ಮೆಮೊರಿ ಕಾರ್ಡು ತೆಗೆಯಲು ಮರೆಯಬೇಡಿ.

ಇನ್ನು ಕೊಡುವುದು ಎಲ್ಲಿ? ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆ, ನಿಜ. ಆದರೆ ತಾಮ್ರಕ್ಕಾಗಿ ವೈರ್ ಸುಡುವವರ, ಚಿನ್ನಕ್ಕಾಗಿ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುವವರ ಕೈಗೆ ಅದು ಹೋಗಬಹುದು. ಆ ಹೊಗೆ ಕುಡಿಯುವವರೂ ನಮ್ಮಂಥವರೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ. ನಮ್ಮ ಹೆದ್ದಾರಿಯಲ್ಲೇ ಸಿಗುವ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ, ಇ-ಕಸ ಅಂದರೆ ಹಳೇ ಎಲೆಕ್ಟ್ರಾನಿಕ್ ವಸ್ತುಗಳ ಮರುಬಳಕೆ ಘಟಕ ಶುರುವಾಗಿತ್ತು. 2022ರ ನಿಯಮಗಳ ಪ್ರಕಾರ ಹಳೇ ಬ್ಯಾಟರಿ, ಇ-ಕಸದ ಮರುಬಳಕೆಯ ಹೊಣೆ ತಯಾರಿಸುವ ಕಂಪನಿಗಳದ್ದು. ಹಾಗಾಗಿ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಸಂಕೋಚವಿಲ್ಲದೆ ಕೇಳಿ. ಯುಪಿಎಸ್ ಬ್ಯಾಟರಿಯನ್ನಂತೂ ಹೊಸದು ಕೊಳ್ಳುವಾಗ ಡೀಲರ್‌ಗೇ ಕೊಟ್ಟರೆ ಬೆಲೆಯಲ್ಲೂ ಕಡಿಮೆ ಆಗುತ್ತದೆ.

ನಿಮ್ಮೂರಿನ ರಿಪೇರಿಯವರನ್ನೂ ಕೇಳಿ, ಬಿಚ್ಚಿದ ಬ್ಯಾಟರಿ ಎಲ್ಲಿಗೆ ಕಳಿಸುತ್ತೀರಿ ಅಂತ. ಉತ್ತರ ಹೇಳಲು ತಡವರಿಸಿದರೆ ನಿಮ್ಮದನ್ನು ವಾಪಸ್ ಇಸ್ಕೊಂಡು ಬನ್ನಿ.