ಎರಡು ಹೊಳೆಗಳ ನಡುವಿನ ಮನೆಗೆ ಮುಟ್ಟುವ ಲೆಕ್ಕ

ನಮ್ಮ ಮನೆ ಉತ್ತರ ಕನ್ನಡದ ಮಿರ್ಜಾನಿನಲ್ಲಿ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ. ನನ್ನ ನೌಕರಿ ಕಾರವಾರದಲ್ಲಿ, ಅಂದರೆ ಗಂಗಾವಳಿಯ ಆಚೆ. ಮಗನ ಶಾಲೆ ಕುಮಟೆಯಲ್ಲಿ, ಅಘನಾಶಿನಿಯ ಆಚೆ. ನಮ್ಮನೆಯವರು ವಾರವಿಡೀ ಹುಬ್ಬಳ್ಳಿಯಲ್ಲಿ, ಘಟ್ಟದ ಮೇಲೆ. ಹಗಲೊತ್ತು ಮನೆಯಲ್ಲಿರುವವರು ಅತ್ತೆ ಒಬ್ಬರೇ. ನಾಲ್ಕು ಜನ, ನಾಲ್ಕು ಕಡೆ, ನಡುವೆ ಎರಡು ಹೊಳೆ, ಒಂದು ಘಟ್ಟ. ಒಂದು ರಾತ್ರಿ ಕಾಗದದ ಮೇಲೆ ಗೆರೆ ಎಳೆದು ನೋಡಿದಾಗಲೇ ಇದು ನನ್ನ ಕಣ್ಣಿಗೆ ಬಿದ್ದದ್ದು. ಅಲ್ಲಿಯವರೆಗೆ ಬೆಳಿಗ್ಗೆ ಬಸ್ಸು ಹತ್ತೋದು, ಸಂಜೆ ಇಳಿಯೋದು, ಅಷ್ಟೇ.

ಆ ಕಾಗದ ಹಿಡಿದು ಕೂರುವ ಹಾಗೆ ಮಾಡಿದ್ದು 2024ರ ಜುಲೈ 16. ಅವತ್ತು ಏಳೂವರೆ ದಾಟಿದ ಹೊತ್ತಿಗೆ ನನ್ನ ಬಸ್ಸು ಅಂಕೋಲೆ ತಾಲ್ಲೂಕಿನ ಶಿರೂರು ಗುಡ್ಡದ ಬುಡದಲ್ಲಿ ಹಾದು ಬಂದಿತ್ತು. ಮಳೆ ಎಷ್ಟಿತ್ತೆಂದರೆ ಕಿಟಕಿಯಾಚೆ ಹೊಳೆ ಯಾವುದು, ರಸ್ತೆ ಯಾವುದು ತಿಳಿಯುತ್ತಿರಲಿಲ್ಲ. ನಾನು ಕಚೇರಿ ಮುಟ್ಟುವಷ್ಟರಲ್ಲಿ ಆ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಿತ್ತು. ಚಹಾ ಅಂಗಡಿ, ನಿಂತಿದ್ದ ಲಾರಿ, ಟ್ಯಾಂಕರ್ ಎಲ್ಲದರ ಮೇಲೆ ಮಣ್ಣು ಬಂತು. ಗಂಗಾವಳಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. 11 ಜನರನ್ನು ಕಳೆದುಕೊಂಡೆವು. ಅಲ್ಲಿ ಚಹಾ ಕುಡಿಯದ ಪ್ರಯಾಣಿಕರು ನಮ್ಮ ಕಡೆ ಕಡಿಮೆ. ಈಗಲೂ ಆ ಜಾಗ ಬಂದಾಗ ಬಸ್ಸಿನಲ್ಲಿ ಮಾತು ನಿಲ್ಲುತ್ತದೆ.

ಅವತ್ತು ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಆಮೇಲಿನ ಲೆಕ್ಕವೆಲ್ಲ ಹುಟ್ಟಿದ್ದು ಅದರಿಂದಲೇ. ಸುದ್ದಿ ಕೇಳಿದ ಕೂಡಲೇ ಮನೆಗೆ ಫೋನು ಹಚ್ಚಿದೆ. ಹಿಂದಿನ ರಾತ್ರಿಯಿಂದ ಕರೆಂಟಿಲ್ಲದೆ ಅತ್ತೆಯ ಫೋನು ಸತ್ತಿತ್ತು. ಮಗ ಅವತ್ತು ಮನೆಯಲ್ಲೇ ಇದ್ದ. ಇಬ್ಬರೂ ಹೇಗಿದ್ದಾರೋ ಅನ್ನುವ ಒಂದೇ ಯೋಚನೆ. ಹನ್ನೊಂದು ಗಂಟೆಗೆ ಯಾರಿಗೂ ಸರಿಯಾಗಿ ಹೇಳದೆ ಚೀಲ ಎತ್ತಿಕೊಂಡು ಅಂಕೋಲೆ ಬಸ್ಸು ಹತ್ತಿಬಿಟ್ಟೆ. ಅಂಕೋಲೆಯಿಂದ ಮುಂದೆ ಏನು ಅಂತ ಯೋಚಿಸಿರಲಿಲ್ಲ. ಅತ್ತ ನಮ್ಮನೆಯವರು ಹುಬ್ಬಳ್ಳಿಯಿಂದ ಕಚೇರಿಗೆ ಫೋನು ಮಾಡಿದರೆ ಸಿಕ್ಕ ಉತ್ತರ, ‘ಅವರು ಊರಿಗೆ ಹೊರಟರು.’ ಹೊರಟದ್ದು ಎಷ್ಟೊತ್ತಿಗೆ, ಯಾವ ದಾರಿಯಲ್ಲಿ, ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ನನ್ನ ಫೋನಿನ ಚಾರ್ಜೂ ಮುಗಿದಿತ್ತು. ಆ ರಾತ್ರಿ ಅಂಕೋಲೆಯಲ್ಲಿ ಸಹೋದ್ಯೋಗಿಯೊಬ್ಬರ ಅಕ್ಕನ ಮನೆಯಲ್ಲಿ ಉಳಿದೆ. ಮರುದಿನ ರೈಲು ಹಿಡಿದು ಕುಮಟೆಯಲ್ಲಿ ಇಳಿದು, ಅಲ್ಲಿಂದ ಟೆಂಪೊ ಹತ್ತಿ ಹಿಂದಕ್ಕೆ ಮಿರ್ಜಾನಿಗೆ ಬಂದೆ.

ಮನೆ ಮುಟ್ಟಿದಾಗ ತಿಳಿದದ್ದು: ಅತ್ತೆ ಹಿಂದಿನ ದಿನ ಮಧ್ಯಾಹ್ನದವರೆಗೆ ಕೊಡೆ ಹಿಡಿದು ಹೆದ್ದಾರಿ ಬದಿಗೆ ನಿಂತಿದ್ದರು. ಉತ್ತರದಿಂದ ಒಂದು ಗಾಡಿಯೂ ಬರುವುದಿಲ್ಲ ಅಂತ ತಿಳಿದ ಮೇಲೂ ನಿಂತಿದ್ದರು. ‘ಬಸ್ಸು ಮಣ್ಣಡಿಗೆ ಹೋತು ಅಂದ್ರು,’ ಅಂದರು ನನ್ನ ಕೈ ಹಿಡಿದುಕೊಂಡು. ಅವರ ಬೆರಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು. ನಾನು ಕಾರವಾರದಲ್ಲೇ ಕೂತಿದ್ದರೂ ಅವರ ಪಾಲಿಗೆ ಸತ್ತಂತೆಯೇ ಆಗಿತ್ತು. ಹಾಗಾಗಿ ಮನೆಗೆ ಮುಟ್ಟುವ ಯೋಜನೆ ಅಂತ ನಾನು ಮಾಡಿಕೊಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಮುಟ್ಟಲಾಗದಿದ್ದಾಗ ಮನೆಯವರು ಏನು ತಿಳಿದುಕೊಳ್ಳಬೇಕು ಅನ್ನುವುದೇ.

ಮೊದಲು ದಾರಿ ನೋಡಿದೆ. ನಮ್ಮ ಜಿಲ್ಲೆಯಲ್ಲಿ ಕಿಲೋಮೀಟರು ಲೆಕ್ಕ ಹಾಕಿ ಉಪಯೋಗವಿಲ್ಲ, ಸೇತುವೆ ಲೆಕ್ಕ ಹಾಕಬೇಕು. ಕಾರವಾರದಿಂದ ಮಿರ್ಜಾನಿಗೆ 60 ಕಿ.ಮೀ. ಆಸುಪಾಸು, ಆದರೆ ನಿಜವಾದ ಪ್ರಶ್ನೆ ಒಂದೇ: ಗಂಗಾವಳಿಯನ್ನು ಎಲ್ಲಿ ದಾಟುತ್ತೇನೆ? ಹೆದ್ದಾರಿ ಸೇತುವೆ ಒಂದು. ಅದು ಸಿಗದಿದ್ದರೆ ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಹೊಸಕಂಬಿಯಲ್ಲಿ ಹೊಳೆ ದಾಟಿ, ಹಿಲ್ಲೂರು ಮೇಲೆ ಮಾದನಗೇರಿಗೆ ಬಂದು ಮತ್ತೆ ಹೆದ್ದಾರಿ ಸೇರೋದು. ಮೂರನೆಯದು ಕೊಂಕಣ ರೈಲ್ವೆ. ರೈಲಿಗೆ ಅದರದೇ ಸೇತುವೆ ಇದೆ, ಶಿರೂರು ಗುಡ್ಡದ ಬುಡದ ರಸ್ತೆಯ ಹಂಗಿಲ್ಲ.

ಹಿಲ್ಲೂರು ದಾರಿಯನ್ನು ಒಂದು ಭಾನುವಾರ ನಮ್ಮನೆಯವರ ಬೈಕಿನಲ್ಲಿ ಹೋಗಿ ನೋಡಿದೆವು. ನಕ್ಷೆಯಲ್ಲಿ ನೋಡುವುದೇ ಬೇರೆ, ಹೋಗಿ ನೋಡುವುದೇ ಬೇರೆ. ಕಿರಿದಾದ ರಸ್ತೆ, ಎರಡೂ ಕಡೆ ಕಾಡು, ತೋಟ. ಕೆಲವು ಕಡೆ ಫೋನಿಗೆ ಸಿಗ್ನಲ್ಲೇ ಇಲ್ಲ. ಎಲ್ಲಿ ಸಿಗ್ನಲ್ ಹೋಗುತ್ತದೆ, ಎಲ್ಲಿ ಮತ್ತೆ ಬರುತ್ತದೆ ಎರಡನ್ನೂ ಗುರುತು ಹಾಕಿಕೊಂಡೆ. ಸಿಗ್ನಲ್ ಇಲ್ಲದ ಆ ದಾರಿಗೆ ಇಳಿಯುವ ಮೊದಲು ಒಂದು ಮೆಸೇಜು, ಹೊರಗೆ ಬಿದ್ದ ಮೇಲೆ ಒಂದು ಮೆಸೇಜು. ಹೊಳೆ ಪಕ್ಕದ ತಗ್ಗು ಜಾಗಗಳನ್ನು ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು ತೋರಿಸಿದರು. 2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಮನೆಯೊಂದರ ಗೋಡೆ ಮುಟ್ಟಿ ತೋರಿಸಿದರು, ನನ್ನ ಎದೆಮಟ್ಟಕ್ಕೆ. ಅಂದರೆ ಗಂಗಾವಳಿ ತುಂಬಿ ಹರಿಯುವ ದಿನ ಈ ದಾರಿ ನನ್ನ ಲೆಕ್ಕದಲ್ಲಿ ಇಲ್ಲ. ಗುಡ್ಡ ಕುಸಿದು, ಹೊಳೆ ಮಾತ್ರ ಹದದಲ್ಲಿರುವ ದಿನಕ್ಕಷ್ಟೇ ಇದು. ಘಟ್ಟ ಹತ್ತಿ ಯಲ್ಲಾಪುರ, ಶಿರಸಿ ಸುತ್ತಿ ದೇವಿಮನೆ ಘಟ್ಟ ಇಳಿದು ಬರುತ್ತೇನೆ ಅನ್ನುವವರನ್ನೂ ಕಂಡಿದ್ದೇನೆ. 2021ರ ಜುಲೈಯಲ್ಲಿ ಅದೇ ದಾರಿಯ ಅರಬೈಲ್ ಘಟ್ಟವೇ ಕುಸಿದು ಬಂದಾಗಿತ್ತು. ಒಂದು ಗುಡ್ಡಕ್ಕೆ ಹೆದರಿ ಇನ್ನೆರಡು ಘಟ್ಟದ ಬಾಯಿಗೆ ಹೋಗುವುದು ನನಗೆ ಸರಿ ಕಾಣಲಿಲ್ಲ, ಬಿಟ್ಟೆ.

ರೈಲಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ವೇಗವೂ ಕಡಿಮೆ. ಬೇಸಿಗೆಯಲ್ಲಿ ಬರೆದಿಟ್ಟ ಸಮಯ ಜೂನಿನ ನಂತರ ನಡೆಯುವುದಿಲ್ಲ. ಕಾರವಾರ ಸ್ಟೇಷನ್ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ, ಅಲ್ಲಿಗೆ ಹೋಗಲಿಕ್ಕೇ ಆಟೋ ಬೇಕು. ಮಿರ್ಜಾನಿಗೆ ಸ್ಟೇಷನ್ ಇದ್ದರೂ ಎಲ್ಲ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ನನ್ನ ಚೀಟಿಯಲ್ಲಿ ಬರೆದದ್ದು ‘ಮಿರ್ಜಾನ್ ಅಥವಾ ಕುಮಟಾ’. ಕುಮಟೆಯಲ್ಲಿ ಇಳಿದರೆ ತಂಗಿಯ ಮನೆಯಿದೆ. ರಾತ್ರಿಯಾಗಿದ್ದರೆ ಅಲ್ಲೇ.

ಎರಡನೆಯದು ಮಗನ ವಿಷಯ, ಇದಕ್ಕೆ ಹೆಚ್ಚು ದಿನ ಹಿಡಿಯಿತು. ಅಘನಾಶಿನಿ ಸೇತುವೆಯ ಮೇಲೆ ಓಡಾಟ ನಿಂತರೆ ಅವನು ಮನೆಗೆ ಬರಲು ಹೊರಡಲೇಬಾರದು, ಚಿಕ್ಕಿ ಮನೆಗೆ, ಅಂದರೆ ನನ್ನ ತಂಗಿಯ ಮನೆಗೆ ಹೋಗಬೇಕು. ಹೇಳಿದ್ದು ಇಷ್ಟೇ. ಆದರೆ ಒಂದು ದಿನ ಸುಮ್ಮನೆ ಪರೀಕ್ಷೆಗೆಂದು ತಂಗಿಯನ್ನು ಶಾಲೆಗೆ ಕಳಿಸಿದರೆ, ಅವಳ ಕೈಗೆ ಮಗುವನ್ನು ಕೊಡಲಿಲ್ಲ. ಶಾಲೆಯವರದು ತಪ್ಪಲ್ಲ, ದಾಖಲೆಯಲ್ಲಿ ಇದ್ದದ್ದು ಅಪ್ಪ–ಅಮ್ಮನ ಹೆಸರು ಮಾತ್ರ. ಮರುದಿನವೇ ಅಕ್ಕೋರ (ಶಿಕ್ಷಕಿಯ) ಹತ್ತಿರ ಹೋಗಿ ಅರ್ಜಿ ಬರೆದುಕೊಟ್ಟೆ, ತಂಗಿಯ ಫೋಟೊ, ಆಧಾರ್ ಪ್ರತಿ ಹಚ್ಚಿ. ಅಕ್ಕೋರು ಅದನ್ನು ಓದಿ, ‘ಎಲ್ಲಾ ಮಕ್ಕಳದ್ದೂ ಹೀಗೆ ತಗೋಬೇಕು,’ ಅಂದು ಆ ವಾರವೇ ತರಗತಿಯ ಎಲ್ಲರಿಂದ ಬರೆಸಿಕೊಂಡರು. ಪರೀಕ್ಷೆ ಮಾಡಿ ನೋಡದಿದ್ದರೆ ಇದು ತಿಳಿಯುತ್ತಿದ್ದದ್ದು ನೆರೆ ಬಂದ ದಿನವೇ.

ಮೂರನೆಯದು ಸುದ್ದಿ ಮುಟ್ಟಿಸುವುದು. ನಮ್ಮೆಲ್ಲರ ಸುದ್ದಿ ಸೇರುವ ಜಾಗ ಹುಬ್ಬಳ್ಳಿ. ಕರಾವಳಿಯಲ್ಲಿ ಟವರು, ಕರೆಂಟು ಒಟ್ಟಿಗೇ ಹೋಗುತ್ತವೆ, ಹುಬ್ಬಳ್ಳಿಯಲ್ಲಿ ಹೋಗಿರುವುದಿಲ್ಲ. ನಾನು, ತಂಗಿ, ಪಕ್ಕದ ಮನೆಯವರು ಯಾರಿಗೆ ಸಿಗ್ನಲ್ ಸಿಕ್ಕರೂ ಮೊದಲು ನಮ್ಮನೆಯವರಿಗೆ ತಿಳಿಸಬೇಕು, ಅವರು ಉಳಿದವರಿಗೆ ದಾಟಿಸಬೇಕು. ಕರೆ ಬೇಡ, ಮೆಸೇಜು. ಎಲ್ಲರೂ ಒಟ್ಟಿಗೆ ಫೋನು ಹಚ್ಚಿದಾಗ ಕರೆ ಹೋಗುವುದಿಲ್ಲ, ಸಾದಾ ಮೆಸೇಜು ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ನುಸುಳಿಕೊಂಡು ಹೋಗುತ್ತದೆ. ಬರೆಯುವುದು ನಾಲ್ಕೇ ಮಾತು: ಎಲ್ಲಿದ್ದೇನೆ, ಹೇಗಿದ್ದೇನೆ, ಹೊರಡುತ್ತೇನೋ ಇಲ್ಲವೋ, ಮುಂದಿನ ಮೆಸೇಜು ಎಷ್ಟೊತ್ತಿಗೆ. ‘ಕಾರವಾರ. ಕ್ಷೇಮ. ಇಲ್ಲೇ ಉಳಿಯುವೆ. ಮತ್ತೆ 6ಕ್ಕೆ.’ ಆ ಕೊನೆಯ ಮಾತು ಬಹಳ ಮುಖ್ಯ. ಆರಕ್ಕೆ ಅಂದಿದ್ದರೆ ಆರರವರೆಗೆ ಯಾರೂ ಎದೆ ಬಡಿದುಕೊಳ್ಳಬೇಕಿಲ್ಲ.

ಅತ್ತೆಗೆ ಓದಲು ಬಾರದು. ಅವರಿಗೆ ಬಟನ್ ಫೋನು ಕೊಡಿಸಿದೆವು, ಒಮ್ಮೆ ಚಾರ್ಜು ಮಾಡಿದರೆ ನಾಲ್ಕೈದು ದಿನ ಬರುತ್ತದೆ. 2 ಒತ್ತಿ ಹಿಡಿದರೆ ಅವರ ಮಗ, ಅಂದರೆ ನಮ್ಮನೆಯವರು, 3 ಒತ್ತಿ ಹಿಡಿದರೆ ಪಕ್ಕದ ಮನೆ. ಆ ಎರಡು ಬಟನ್ನಿನ ಮೇಲೆ ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಟ್ಟಿದ್ದೇನೆ, 2ಕ್ಕೆ ಒಂದು ಚುಕ್ಕೆ, 3ಕ್ಕೆ ಎರಡು. ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112, ಇವು ಗೋಡೆಯ ಮೇಲೆ ದೊಡ್ಡದಾಗಿ ಬರೆದಿವೆ, ಮಗನಿಗೆ ಬಾಯಿಪಾಠ. ಹೊಳೆ ನೀರು ಅಂಗಳದ ತೆಂಗಿನಮರದ ಕಟ್ಟೆ ಮುಟ್ಟಿದರೆ ಅತ್ತೆ ನಮ್ಮ ದಾರಿ ಕಾಯದೆ ಪಕ್ಕದವರ ಜೊತೆ ಮೇಲಿನ ಕೇರಿಗೆ ಹೋಗಬೇಕು. ದನವನ್ನು ಹಗ್ಗ ಬಿಚ್ಚಿ ಬಿಟ್ಟರೆ ಸಾಕು. ಈ ದನದ ವಿಷಯ ಮೊದಲೇ ಮಾತಾಡಿ ತೀರ್ಮಾನ ಮಾಡಿಕೊಂಡದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಅವರು ಅದನ್ನು ಬಿಟ್ಟು ಕದಲುವವರಲ್ಲ.

ಕಚೇರಿಯ ಕಪಾಟಿನಲ್ಲಿ ಒಂದು ಚೀಲ ಇಟ್ಟಿದ್ದೇನೆ. ರೇನ್‌ಕೋಟು (ಗಾಳಿಗೆ ಕೊಡೆ ನಿಲ್ಲುವುದಿಲ್ಲ), ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ, ಒಂದು ಜೊತೆ ಬಟ್ಟೆ, ಪ್ಯಾಡು, ಬ್ಯಾಟರಿ, ಪವರ್ ಬ್ಯಾಂಕು, ನೀರು, ಅವಲಕ್ಕಿ, ಬೆಲ್ಲ. 50, 100ರ ನೋಟುಗಳಲ್ಲಿ 1500 ರೂಪಾಯಿ, ಏಕೆಂದರೆ ನೆಟ್‌ವರ್ಕ್ ಹೋದ ದಿನ ಆಟೋದವರಿಗೆ ಫೋನಿನಲ್ಲಿ ಹಣ ಹಾಕಲಾಗುವುದಿಲ್ಲ. ಪ್ರತಿ ಸೋಮವಾರ ಪವರ್ ಬ್ಯಾಂಕ್ ಚಾರ್ಜಿಗೆ ಹಾಕುತ್ತೇನೆ.

ಇನ್ನು ಹೊರಡುವ ನಿಯಮ. ರೆಡ್ ಅಲರ್ಟ್ ಇದ್ದ ದಿನ ಮೂರೂವರೆಯೊಳಗೆ ಬಸ್ಸು ಹತ್ತಲಾಗದಿದ್ದರೆ ಕಾರವಾರದಲ್ಲೇ ಉಳಿಯುವುದು. ಕತ್ತಲೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಹೋಗುವುದಿಲ್ಲ. ಹಗಲಲ್ಲಾದರೆ ಕಣ್ಣಿಗೆ ಏನಾದರೂ ಕಾಣುತ್ತದೆ: ಓರೆಯಾದ ಮರ, ಹೊಸದಾಗಿ ಜಿನುಗುವ ಕೆಸರು ನೀರು, ರಸ್ತೆಗೆ ಉದುರಿದ ಮಣ್ಣು. ಮೇಲೆ ಕೆಂಪುಕಲ್ಲು, ಕೆಳಗೆ ಮೆತ್ತನೆ ಜೇಡಿ, ಬುಡ ನೆಟ್ಟಗೆ ಕಡಿದದ್ದು, ಅದರ ಮೇಲೆ ವಾರಗಟ್ಟಲೆ ಮಳೆ. ಇಂಥ ಗುಡ್ಡಗಳು ನಮ್ಮ ಹೆದ್ದಾರಿಯುದ್ದಕ್ಕೂ ಇವೆ. ಜುಲೈ ದಾಟಿತು ಅಂತ ನಿರುಮ್ಮಳ ಆಗುವ ಹಾಗೂ ಇಲ್ಲ. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದದ್ದು 2009ರ ಅಕ್ಟೋಬರ್ 2ಕ್ಕೆ. ನನ್ನ ಚೀಲ ದೀಪಾವಳಿಯವರೆಗೂ ಕಪಾಟಿನಲ್ಲಿರುತ್ತದೆ.

ಉಳಿಯುವುದು ಎಲ್ಲಿ ಅನ್ನುವುದನ್ನು ಕಾಳಿ ನದಿಯಾಚೆಯ ಸದಾಶಿವಗಡದ ಗೆಳತಿಯ ಜೊತೆ ಸೇರಿ ಬಗೆಹರಿಸಿಕೊಂಡೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿ ಬಂದ. ಹೊಸ ಸೇತುವೆಯ ಮೇಲೂ ಸಂಚಾರ ನಿಲ್ಲಿಸಿದ್ದರು. ನನ್ನ ಹೊಳೆ ತೆಂಕಣಕ್ಕೆ, ಅವಳ ಹೊಳೆ ಬಡಗಣಕ್ಕೆ. ಎರಡೂ ಒಟ್ಟಿಗೆ ಬಂದಾದರೆ ಇಬ್ಬರೂ ಕಾರವಾರ ಪೇಟೆಯಲ್ಲಿರುವ ಇನ್ನೊಬ್ಬ ಸಹೋದ್ಯೋಗಿಯ ಮನೆಗೆ. ಅಲ್ಲಿ ನಮ್ಮಿಬ್ಬರದೂ ಒಂದೊಂದು ಸೀರೆ, ಒಂದೊಂದು ಹಲ್ಲುಜ್ಜುವ ಬ್ರಶ್ ಇಟ್ಟಿದ್ದೇವೆ. ಅವರ ತಾಯಿ ನಮ್ಮಿಬ್ಬರಿಗಾಗಿ ಚಾಪೆ ತೆಗೆದಿಟ್ಟಿದ್ದಾರೆ.

ಕಳೆದ ಮಳೆಗಾಲದಲ್ಲಿ ಒಮ್ಮೆ ಹಾಗೆ ಉಳಿಯಬೇಕಾಯಿತು. ನಾಲ್ಕು ಗಂಟೆಗೆ ಆಕಾಶ ಕಪ್ಪಾಗಿ, ಬಸ್ಸು ಬರುವುದೋ ಇಲ್ಲವೋ ತಿಳಿಯದಾದಾಗ ನಾಲ್ಕು ಮಾತಿನ ಮೆಸೇಜು ಹುಬ್ಬಳ್ಳಿಗೆ ಹೋಯಿತು. ಆರಕ್ಕೆ ಇನ್ನೊಂದು ಕಳಿಸಿದೆ. ಏಳು ಗಂಟೆಗೆ ಒಮ್ಮೆ ಸಿಗ್ನಲ್ ಬಂದಾಗ ಮನೆಗೇ ಫೋನು ಹೋಯಿತು. ಅತ್ತೆ ಎತ್ತಿದರು. ಹಿಂದೆ ಹಂಚಿನ ಮೇಲೆ ಮಳೆ ಬಡಿಯುವ ಸದ್ದು.

‘ಅತ್ತೆ, ನಾನು ಇಲ್ಲೇ ಉಳಿದೆ.’

‘ಹ್ಞಾಂ, ಗೊತ್ತಾತು. ಮಾಣಿ ಚಿಕ್ಕಿ ಮನೇಲಿ ಇದ್ದ. ನಾ ಉಂಡೆ. ನೀ ಉಂಡ್ಯಾ?’