ಬಿಳಿ ಪಟ್ಟಿ ಹೊಲಿದ ಅನುಭವ

ಬಾವುಟ ಹೊಲಿಯುವುದು ನನ್ನ ಕಸುಬು. ಅಕ್ಟೋಬರ್ ಬಂತೆಂದರೆ ಅಂಗಡಿಯಲ್ಲಿ ಹಳದಿ, ಕೆಂಪು ಬಿಟ್ಟು ಬೇರೆ ಬಟ್ಟೆ ಕಣ್ಣಿಗೆ ಬೀಳುವುದಿಲ್ಲ. ಆಟೋಗೆ ಸಿಕ್ಕಿಸುವ ಪುಟ್ಟದ್ದರಿಂದ ಹಿಡಿದು ಸರ್ಕಲ್ಲಿನ ಕಂಬಕ್ಕೆ ಏರಿಸುವ ದೊಡ್ಡದರವರೆಗೆ ಎಲ್ಲವನ್ನೂ ನವೆಂಬರ್ 1ಕ್ಕೆ ಮುಂಚೆ ಹೊಲಿದು ಕೊಡಬೇಕು. ಎಷ್ಟು ವರ್ಷದಿಂದ ಇದೇ ಕೆಲಸ ಅಂದರೆ, ಕಣ್ಣು ಮುಚ್ಚಿಕೊಂಡು ಹೊಲಿಯಬಲ್ಲೆ ಅಂದುಕೊಂಡಿದ್ದೆ. 2018ರಲ್ಲಿ ಆ ಜಂಬ ಇಳಿಯಿತು.

ಆ ವರ್ಷ ಮಾರ್ಚ್ 8ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಾಡಧ್ವಜದ ಹೊಸ ರೂಪ ತೋರಿಸಿದರು. ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು. ಬಿಳಿಯ ಮೇಲೆ ಗಂಡಭೇರುಂಡ ಇರುವ ರಾಜ್ಯ ಲಾಂಛನ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕೊಟ್ಟ ಅರಿಶಿನ ಕುಂಕುಮದ ಬಾವುಟವನ್ನೇ ನೋಡಿ ಬೆಳೆದ ನಮಗೆ ಇದು ಹೊಸ ನೆಂಟರ ಹಾಗೆ ಕಂಡಿತು. ಕೆಲವು ಕನ್ನಡ ಸಂಘಟನೆಗಳು ಒಪ್ಪಿದವು. ಇನ್ನು ಕೆಲವು, ಇದ್ದದ್ದನ್ನು ಯಾಕೆ ಕೆದಕಬೇಕು ಎಂದವು. ಮುಂದಿನ ವಾರವೇ ನಮ್ಮ ಬಡಾವಣೆಯ ಸಂಘದವರೊಬ್ಬರು ಬಂದು, "ಹತ್ತು ಬಾವುಟ ಮಾಡಿಕೊಡಿ, ಹೇಗೆ ಕಾಣುತ್ತೋ ನೋಡೋಣ" ಎಂದರು.

ಒಂದು ಪಟ್ಟಿ ಜಾಸ್ತಿ, ಅಷ್ಟೇ ತಾನೇ ಅಂದುಕೊಂಡೆ. ಮೂರು ಪಟ್ಟಿಗಳನ್ನೂ ಒಂದೇ ಅಗಲಕ್ಕೆ ಕತ್ತರಿಸಿ ಜೋಡಿಸಿದೆ. ಮುಗಿದ ಮೇಲೆ ನೋಡಿದರೆ ಬಿಳಿ ಮಾತ್ರ ದಪ್ಪ. ಯೋಚಿಸಿದಾಗ ಗೊತ್ತಾಯಿತು: ಒಳಗಿನ ಜೋಡಣೆಗೆ ಅರ್ಧ ಇಂಚು ಬಟ್ಟೆ ಹೋದರೆ, ಹೊರಗಿನ ಅಂಚಿಗೆ ಎರಡು ಮಡಿಕೆ ಹಾಕುವುದರಿಂದ ಒಂದು ಇಂಚು ಹೋಗುತ್ತದೆ. ಹಳದಿಗೂ ಕೆಂಪಿಗೂ ಹೊರ ಅಂಚು ಉಂಟು, ನಡುವಿನದಕ್ಕೆ ಇಲ್ಲ. ಎರಡೇ ಬಣ್ಣದ ಬಾವುಟದಲ್ಲಿ ಎರಡಕ್ಕೂ ಸಮನಾಗಿ ನಷ್ಟವಾಗುತ್ತಿತ್ತು, ಹಾಗಾಗಿ ನನಗೆ ಈ ಲೆಕ್ಕವೇ ಬೇಕಿರಲಿಲ್ಲ.

ಆಮೇಲೆ ಬಣ್ಣದ ಕಾಟ. ರಾಷ್ಟ್ರಧ್ವಜಕ್ಕಾದರೆ ಎಲ್ಲಕ್ಕೂ ಅಳತೆ ಗೊತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಮಾಡುವವರು ಬಣ್ಣದ ಛಾಯೆಯಿಂದ ದಾರದವರೆಗೆ ಮಾನಕ ನೋಡಿಯೇ ಮಾಡುತ್ತಾರೆ. ನಮ್ಮ ಹಳದಿ ಹಾಗಲ್ಲ. ನಿಂಬೆ ಹಳದಿಯಿಂದ ಅರಿಶಿನದವರೆಗೆ, ಚಿಕ್ಕಪೇಟೆಯಲ್ಲಿ ಆ ದಿನ ಸಿಕ್ಕಿದ್ದೇ ಕನ್ನಡದ ಹಳದಿ! ಕೆಂಪಿನ ಪಕ್ಕ ಯಾವ ಹಳದಿಯಾದರೂ ಎದ್ದು ಕಾಣುತ್ತಿತ್ತು. ಬಿಳಿಯ ಪಕ್ಕ ಇಟ್ಟಾಗ ನಿಂಬೆ ಹಳದಿ ಸತ್ತೇಹೋಯಿತು. ಬಿಸಿಲಲ್ಲಿ ಎರಡೂ ಬೆರೆತು, ಮೇಲೆ ಮಾಸಲು ಬಿಳಿ, ಕೆಳಗೆ ಕೆಂಪು ಅನ್ನಿಸಿತು. ಕಡು ಅರಿಶಿನದ ಬಟ್ಟೆ ತಂದು ಮತ್ತೆ ಕತ್ತರಿಸಿದೆ.

ಬಿಳಿ ಎಂದರೆ ಶಾಂತಿ ಎಂದು ಎಲ್ಲರೂ ಹೇಳುತ್ತಿದ್ದರು. ಇರಬಹುದು. ಲಾಂಛನ ಅಚ್ಚು ಹಾಕಲು ಕೂತಾಗ ನನಗೆ ಬೇರೆ ಕಾರಣ ಕಂಡಿತು. ಸುಮ್ನೆ ನೋಡೋಣ ಅಂತ ಹಳೇ ಎರಡು ಬಣ್ಣದ ಬಾವುಟದ ಮೇಲೇ ಮೊದಲು ಒತ್ತಿದೆ. ಲಾಂಛನದ ಗುರಾಣಿ ಕೆಂಪು, ಅಕ್ಕಪಕ್ಕದ ಗಜಕೇಸರಿಗಳು, ಅಂದರೆ ಆನೆ ಮುಖದ ಸಿಂಹಗಳು, ಹಳದಿ. ಕೆಂಪಲ್ಲಿ ಕೆಂಪು, ಹಳದಿಯಲ್ಲಿ ಹಳದಿ ಮುಳುಗಿತು. ಲಾಂಛನ ಬೇಕು ಅಂದರೆ ಬಿಳಿ ಬೇಕೇ ಬೇಕು.

ಆದರೆ ಅಲ್ಲೂ ಒಂದು ತೊಡಕು. ಅದರಲ್ಲಿ 'ಸತ್ಯಮೇವ ಜಯತೇ' ಎಂಬ ಅಕ್ಷರ ಇದೆಯಲ್ಲ, ಹಿಂದಿನಿಂದ ನೋಡಿದರೆ ಅದು ಉಲ್ಟಾ. ಎರಡು ಬಿಳಿ ತುಂಡಿನ ಮೇಲೆ ಬೇರೆ ಬೇರೆ ಅಚ್ಚು ಹಾಕಿ, ಬೆನ್ನಿಗೆ ಬೆನ್ನು ಸೇರಿಸಿ ಹೊಲಿದೆ. ಓದಲು ಸರಿಯಾಯಿತು, ಹಾರಲು ಭಾರವಾಯಿತು. ಸಣ್ಣ ಗಾಳಿಗೆ ಅಲುಗಾಡದೆ ನಡು ಜೋತು ಬೀಳುತ್ತಿತ್ತು.

ಹತ್ತರಲ್ಲಿ ಒಂದನ್ನು ಎದುರು ಮನೆಯ ತಾರಸಿಗೆ ಕಟ್ಟಿಸಿ, ರಸ್ತೆಯ ತುದಿಗೆ ಹೋಗಿ ನಿಂತು ನೋಡಿದೆ. ಅಷ್ಟು ದೂರಕ್ಕೆ ಗಂಡಭೇರುಂಡ ಒಂದು ಕಪ್ಪು ಉಂಡೆ. ಮೂರು ಅಡ್ಡಪಟ್ಟಿ, ನಡುವೆ ಬಿಳಿ, ಬಿಳಿಯಲ್ಲಿ ಒಂದು ಗುರುತು. ಬಣ್ಣ ಬೇರೆ, ರಚನೆ ಮಾತ್ರ ತ್ರಿವರ್ಣ ಧ್ವಜದ್ದೇ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ, "ಅಣ್ಣಾ, ಅದು ಯಾವ ದೇಶದ್ದು?" ಎಂದು ಕೇಳಿಯೇ ಬಿಟ್ಟ. ಹಳೇ ಬಾವುಟ ನೋಡಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ.

ಅಂಗಡಿಯ ಮುಂದೆ ಇದೇ ಚರ್ಚೆ ದಿನಾ ನಡೆಯಿತು. ಕಾಲೇಜು ಹುಡುಗನೊಬ್ಬ ಮೊಬೈಲ್ ಹಿಡಿದು ಬಂದು, ಹಳೇದೂ ನಮ್ಮದೊಬ್ಬರದೇ ಅಲ್ಲ ಎಂದ. ಪೋಲೆಂಡಿನ ರಾಜಧಾನಿ ವಾರ್ಸಾ ನಗರದ ಬಾವುಟವೂ ಮೇಲೆ ಹಳದಿ, ಕೆಳಗೆ ಕೆಂಪು. ಇಂಡೋನೇಷ್ಯಾ, ಮೊನಾಕೊ ಎರಡರದ್ದೂ ಮೇಲೆ ಕೆಂಪು, ಕೆಳಗೆ ಬಿಳಿ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದಾಗ ಲಿಕ್ಟೆನ್‌ಸ್ಟೈನ್‌ಗೆ ತನ್ನ ಬಾವುಟವೇ ಹೈಟಿಯ ಹತ್ತಿರವೂ ಇದೆ ಎಂದು ಗೊತ್ತಾಯಿತಂತೆ; ಮರುವರ್ಷ ಒಂದು ಕಿರೀಟ ಸೇರಿಸಿಕೊಂಡರು. ಅವನು ಹೇಳುತ್ತಾ ಹೋದ, ನಾನು ಕಾಜಾ ಹೊಲಿಯುತ್ತಾ ಕೇಳಿದೆ.

ನನ್ನ ಮಾತು ಇಷ್ಟೇ. ವಾರ್ಸಾದ ಬಾವುಟ ನಮ್ಮ ಬೀದಿಯಲ್ಲಿ ಹಾರುವುದಿಲ್ಲ, ಅದರ ಹಾಗೆ ಕಂಡರೆ ಯಾರಿಗೆ ಏನು ಕಷ್ಟ? ರಾಷ್ಟ್ರಧ್ವಜ ಹಾಗಲ್ಲ, ಪಕ್ಕದ ಕಂಬದಲ್ಲೇ, ಇದಕ್ಕಿಂತ ಎತ್ತರದಲ್ಲಿ ಹಾರುತ್ತದೆ. ಪಕ್ಕದವರ ಹಾಗೆ ಕಾಣುವುದೇ ತೊಡಕು, ಅಲ್ವಾ? ಇನ್ನೊಂದು, ಲಾಂಛನ ಎಂದರೆ ಸರ್ಕಾರದ ಮುದ್ರೆ. ಕಚೇರಿ ಮೇಲೆ ಅದು ಸರಿ. ಆಟೋ ಕನ್ನಡಿಗೆ, ಕ್ರಿಕೆಟ್ ನೋಡುವ ಹುಡುಗನ ಹೆಗಲಿಗೆ ಅದನ್ನು ಹಾಕಲು ನನಗಂತೂ ಕೈ ಬರುವುದಿಲ್ಲ.

ಕೊನೆಗೆ ಮಳೆ ಬಂತು. ಕಟ್ಟಿದ್ದ ಬಾವುಟ ನೆನೆದು ಕಂಬಕ್ಕೆ ಅಂಟಿಕೊಂಡಿತು. ಮಡಿಕೆಯಲ್ಲಿ ಕೆಂಪು ಬಿಳಿಗೆ ತಾಗಿ, ಬೆಳಿಗ್ಗೆ ನೋಡಿದರೆ ಗಂಡಭೇರುಂಡದ ಸುತ್ತ ಗುಲಾಬಿ ಕಲೆ. ಹಳೇ ಬಾವುಟದಲ್ಲೂ ಕೆಂಪು ಹೀಗೇ ಬಿಡುತ್ತಿತ್ತೋ ಏನೋ, ಹಳದಿಯ ಮೇಲೆ ಗೊತ್ತಾಗುತ್ತಿರಲಿಲ್ಲ. ಸಂಘದವರು ಮುಖ ಸಿಂಡರಿಸಿಕೊಂಡು ಬಂದರು. ಬೇರೆ ಮಾಡಿಕೊಟ್ಟೆ, ದುಡ್ಡು ಕೇಳಲಿಲ್ಲ.

ಹೊಸ ವಿನ್ಯಾಸ ಕೇಂದ್ರದ ಒಪ್ಪಿಗೆಗೆ ಎಂದು ಹೋಯಿತು. ಮೇ ತಿಂಗಳಲ್ಲಿ ಚುನಾವಣೆ ಆಯಿತು, ಸರ್ಕಾರ ಬದಲಾಯಿತು, ಒಪ್ಪಿಗೆ ಬರಲಿಲ್ಲ. ಆ ನವೆಂಬರಿನಲ್ಲಿ ನನ್ನ ಅಂಗಡಿಗೆ ಬಂದ ಆರ್ಡರೆಲ್ಲ ಅರಿಶಿನ ಕುಂಕುಮದ್ದೇ. ಈಗಲೂ ಯಾರಾದರೂ ಮೂರು ಬಣ್ಣದ್ದು ಕೇಳಿದರೆ ಇಲ್ಲ ಅನ್ನುವುದಿಲ್ಲ, ಎರಡು ದಿನ ಜಾಸ್ತಿ ಕೇಳುತ್ತೇನೆ. ಕೆಂಪು ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ತೊಳೆದು ಒಣಗಿಸಬೇಕಲ್ಲ.